ಬಮ್ಮೋಜ ಬಲ್ಲ ನಾಲ್ಕು ಪ್ರಕಾರಗಳು: ಶಾಸ್ತ್ರ ಒಂದು ಕಡೆ, ಶಾಸನ ಇನ್ನೊಂದು ಕಡೆ

ಯಾವುದಾದರೂ ದೇವಾಲಯದ ಫೋಟೋ ಹಾಕಿದರೆ ಸಾಕು, ಒಂದು ಪ್ರಶ್ನೆ ತಪ್ಪದೆ ಬರುತ್ತದೆ: “ಸರ್, ಇದು ನಾಗರವೋ, ದ್ರಾವಿಡವೋ, ವೇಸರವೋ?” ಮೊದಲೆಲ್ಲ ನಾನೂ ಥಟ್ಟನೆ ಹೇಳಿಬಿಡ್ತಿದ್ದೆ: ಉತ್ತರದ್ದು ನಾಗರ, ತಮಿಳುನಾಡಿನದು ದ್ರಾವಿಡ, ಎರಡೂ ಬೆರೆತ ನಮ್ಮದು ವೇಸರ. ಈಗ ಅಷ್ಟು ಧೈರ್ಯವಿಲ್ಲ. ಕಾರಣ, ಹೊಳಲಿನ ಒಂದು ಶಾಸನ.

ಹೂವಿನಹಡಗಲಿ ತಾಲ್ಲೂಕಿನ ಹೊಳಲಿನ ಅಮೃತೇಶ್ವರ ದೇವಾಲಯದ ಕಂಬವೊಂದರ ಮೇಲೆ ಬಮ್ಮೋಜನೆಂಬ ಶಿಲ್ಪಿಯ ಹೊಗಳಿಕೆಯಿದೆ. ಅವನು ಕಲಿಯುಗದ ವಿಶ್ವಕರ್ಮನಂತೆ. ನಾಗರ, ಕಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಪ್ರಕಾರದ ಕಟ್ಟಡಗಳಲ್ಲೂ ನುರಿತವನಂತೆ. ಹೆಸರಿನ ಕೊನೆಯ ‘ಓಜ’ ಎಂದರೆ ಗುರು, ಆಚಾರ್ಯ.

ಈಗ ಶಾಸ್ತ್ರಗ್ರಂಥಕ್ಕೆ ಬರೋಣ. ದಕ್ಷಿಣದ ‘ಮಯಮತ’ ಈ ಹೆಸರುಗಳನ್ನು ಆಕಾರದಿಂದ ಗುರುತಿಸುತ್ತದೆ: ಚೌಕವಾದರೆ ನಾಗರ, ಎಂಟು ಮುಖವಿದ್ದರೆ ದ್ರಾವಿಡ, ದುಂಡಗಿದ್ದರೆ ಅಥವಾ ಗಜಪೃಷ್ಠವಾದರೆ ವೇಸರ. ಮಾಮಲ್ಲಪುರದ ರಥಗಳನ್ನೇ ನೋಡಿ. ಧರ್ಮರಾಜ ರಥದ ಶಿಖರಕ್ಕೆ ಎಂಟು ಮುಖ, ಸಹದೇವ ರಥ ಗಜಪೃಷ್ಠ. ಈ ಲೆಕ್ಕದಲ್ಲಿ ಎರಡನೆಯದು ವೇಸರ! ಅಲ್ಲಿ ಉತ್ತರ–ದಕ್ಷಿಣ ಬೆರೆಯುವ ಮಾತೇ ಇಲ್ಲ.

ಆದರೆ ಹೊಳಲಿನ ಪಟ್ಟಿಯಲ್ಲಿರುವ ಕಳಿಂಗಕ್ಕೆ ಈ ಮೂರು ಆಕಾರಗಳಲ್ಲಿ ಜಾಗ ಎಲ್ಲಿದೆ? ಅದು ನಾಡಿನ ಹೆಸರು. ಅಂದರೆ ಬಮ್ಮೋಜನ ಪಟ್ಟಿಯನ್ನು ಮಯಮತದ ಅರ್ಥದಲ್ಲಿ ಓದಲು ಬರುವುದಿಲ್ಲ. ಪದ ಅದೇ, ಬಳಕೆ ಬೇರೆ.

ಹಲವು ಪ್ರಕಾರ ಬಲ್ಲೆ ಎನ್ನುವುದು ಬರೀ ಹೊಗಳಿಕೆಯೂ ಆಗಿರಲಿಕ್ಕಿಲ್ಲ. ಲಕ್ಕುಂಡಿಯ ಕಾಶೀವಿಶ್ವೇಶ್ವರದ ಹೊರಗೋಡೆಯ ಮುಂದೆ ಹತ್ತು ನಿಮಿಷ ನಿಲ್ಲಿ. ಒಂದೇ ಗೋಡೆಯಲ್ಲಿ ದ್ರಾವಿಡದ ಕಿರುಶಿಖರ, ಅದರ ಆಚೆಗೆ ನಾಗರದ ಕಿರುಶಿಖರ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ತಮಗೆ ಗೊತ್ತಿದ್ದುದನ್ನು ಗೋಡೆಯ ಮೇಲೇ ತೋರಿಸಿಟ್ಟಿದ್ದಾರೆ.

ಇನ್ನೊಂದು ವಿಷಯ ಗಮನಿಸಿ. ಆ ಶಾಸನದ ಮಾತು ಶಿಲ್ಪಿಯ ಬಗ್ಗೆಯೇ ಹೊರತು, “ಈ ಗುಡಿ ವೇಸರ” ಎಂದಲ್ಲ. ನಾಲ್ಕೂ ಬಲ್ಲವನ ಕೆಲಸಕ್ಕೆ ನಾವು ಒಂದೇ ಚೀಟಿ ಅಂಟಿಸಿದರೆ, ಅವನ ಹೆಮ್ಮೆಯ ಮಾತನ್ನೇ ಅಳಿಸಿದಂತೆ ಆಗುವುದಿಲ್ಲವೇ?

ಹಾಗಾಗಿ ಈಗ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟು: ‘ವೇಸರ’ ಎಂದು ಬರೆಯಿರಿ, ತಪ್ಪಿಲ್ಲ. ಆದರೆ ಯಾರ ವೇಸರ ಅಂತಲೂ ಬರೆಯಿರಿ. ಮಯಮತದ್ದೋ, ಬಮ್ಮೋಜನದ್ದೋ, ಇಂದಿನ ಪಠ್ಯಪುಸ್ತಕದ್ದೋ?