ಯಾರು ಹೆಚ್ಚು, ಯಾರು ಕಡಿಮೆ?



ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಅನೇಕರು ಈಗ ಮದುವೆಯ ಹೊಸ್ತಿಲಲ್ಲಿದ್ದೀರಿ. ಹುಡುಗ, ಹುಡುಗಿ ಇಬ್ಬರೂ ಓದಿದವರು, ಇಬ್ಬರೂ ದುಡಿಯುವವರು. ಹೀಗಿರುವಾಗ ‘ನಮ್ಮಿಬ್ಬರಲ್ಲಿ ಯಾರು ಹೆಚ್ಚು?’ ಎಂಬ ಪ್ರಶ್ನೆ ಕರೆಯದೆಯೇ ಮನೆಯೊಳಗೆ ಬರುತ್ತದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಆದರೆ ಈ ಹೋಲಿಕೆ ಉಂಡು ಮಲಗಿದ ಮೇಲೂ ಮನಸ್ಸನ್ನು ಕೊರೆಯುತ್ತದೆ. ಹೇಳಿಕೊಳ್ಳಲು ಸಂಕೋಚ ಬೇರೆ! ಕೇಟ್ ರ‍್ಯಾಟ್ಲಿಫ್ ಮತ್ತು ಶಿಗೆಹಿರೊ ಓಯಿಶಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿ ಸೋತಾಗ ಇರುವುದಕ್ಕಿಂತ ಗೆದ್ದಾಗ ಗಂಡಸರ ಒಳಮನಸ್ಸಿನ ಆತ್ಮಾಭಿಮಾನ ಕಡಿಮೆಯಿದ್ದದ್ದು ಕಂಡುಬಂತು. ಬಾಯಿಮಾತಿನಲ್ಲಿ ಅದು ತೋರಲಿಲ್ಲ. ಹೆಂಗಸರಲ್ಲಿ ಈ ವ್ಯತ್ಯಾಸವೇ ಇರಲಿಲ್ಲ.

ಹತ್ತಿರದವರ ಗೆಲುವು ಎಲ್ಲಿ ಚುಚ್ಚುತ್ತದೆ? ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಟೆಸ್ಸರ್ ಹೇಳುವಂತೆ, ನಾವೂ ಹೆಸರು ಮಾಡಬೇಕೆಂದುಕೊಂಡ ಕ್ಷೇತ್ರದಲ್ಲೇ ಅವರು ಮುಂದೆ ಹೋದಾಗ. ಕ್ಷೇತ್ರ ಬೇರೆಯಾದರೆ ಅದೇ ಗೆಲುವು ನಮಗೆ ಹೆಮ್ಮೆ.

ನಮ್ಮ ಅಹಮದಾಬಾದಿನ ವಿಕ್ರಮ್ ಸಾರಾಭಾಯಿ ಮತ್ತು ಮೃಣಾಲಿನಿಯವರನ್ನೇ ನೋಡಿ. ಅವರ ಪರಿಚಯ ಬೆಳೆದದ್ದು ಬೆಂಗಳೂರಿನಲ್ಲಿ, ಮದುವೆ 1942ರಲ್ಲಿ. ಅವರು 1947ರಲ್ಲಿ ಭೌತ ಸಂಶೋಧನಾಲಯ ಕಟ್ಟಿದರು. ಇವರು 1949ರಲ್ಲಿ ‘ದರ್ಪಣ’ ನೃತ್ಯಸಂಸ್ಥೆ ಕಟ್ಟಿದರು. ಅವರ ಬಾಳಿನಲ್ಲಿ ನೋವೇ ಇರಲಿಲ್ಲವೆಂದಲ್ಲ. ಆದರೆ ವಿಜ್ಞಾನವನ್ನೂ ನೃತ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಇಬ್ಬರದೂ ಒಂದೇ ವಿದ್ಯೆಯಾದರೆ? ಸುಧಾ ಮೂರ್ತಿ, ನಾರಾಯಣ ಮೂರ್ತಿ ಇಬ್ಬರೂ ಇಂಜಿನಿಯರುಗಳು. 1981ರಲ್ಲಿ ಇನ್ಫೋಸಿಸ್ ಹುಟ್ಟಿದ್ದು ಸುಧಾ ಕೂಡಿಟ್ಟಿದ್ದ 10,000 ರೂಪಾಯಿಯಿಂದ. ಆದರೂ ಅವರು ಕಂಪನಿಯ ಹೊರಗೇ ಉಳಿದರು. ಪತ್ನಿ ತನಗಿಂತಲೂ ಅರ್ಹರಾಗಿದ್ದರು, ಅವರನ್ನು ಹೊರಗಿಟ್ಟದ್ದು ತಪ್ಪಾಯಿತು ಎಂದು ಮೂರ್ತಿಯವರು 2024ರಲ್ಲಿ ಸಂದರ್ಶನವೊಂದರಲ್ಲಿ ಒಪ್ಪಿಕೊಂಡರು. ಆ ಮಾತು ಬರಲು ನಾಲ್ಕು ದಶಕ ಬೇಕಾಯಿತು. ನೀವು ಅಷ್ಟು ಕಾಯಬೇಡಿ.

ಹೋಲಿಕೆ ಯಾವಾಗಲೂ ಕೆಟ್ಟದ್ದೇನಲ್ಲ. ರೆಬೆಕಾ ಪಿಂಕಸ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದಂತೆ, ಸಂಗಾತಿ ತಮಗಿಂತ ಕೆಳಗಿರುವುದಕ್ಕಿಂತ ಮೇಲಿರುವುದೇ ಅನೇಕರಿಗೆ ಹೆಚ್ಚು ಹಿತವೆನಿಸುತ್ತದೆ. ಫಲ ಇಬ್ಬರದೂ ಅಲ್ಲವೇ?

ಆದ್ದರಿಂದ ಮದುವೆಗೆ ಮುನ್ನ ಜಾತಕದ ಜೊತೆಗೆ ಇದನ್ನೂ ಮಾತಾಡಿಕೊಳ್ಳಿ: ನಿಮ್ಮಿಬ್ಬರಿಗೆ ಯಾವ ಕೆಲಸ ಪ್ರಾಣಕ್ಕೆ ಸಮ? ಒಬ್ಬರಿಗೆ ಬಡ್ತಿ ಬಂದು ಊರು ಬಿಡಬೇಕಾದರೆ ಏನು ಮಾಡುವಿರಿ? ನೆಂಟರ ಮುಂದೆ ಒಬ್ಬರನ್ನೊಬ್ಬರು ತೂಗಬೇಡಿ. ಹುಡುಗಿಯರೇ, ಗಂಡನನ್ನು ದೊಡ್ಡವನನ್ನಾಗಿ ಕಾಣಿಸಲು ನಿಮ್ಮ ಜಾಣತನವನ್ನು ಮುಚ್ಚಿಡಬೇಡಿ. ಹುಡುಗರೇ, ಹೆಂಡತಿ ಗೆದ್ದ ಸುದ್ದಿಯನ್ನು ಅಮ್ಮನಿಗೆ ಮೊದಲು ಹೇಳುವವರು ನೀವಾಗಿರಿ. ಮಗನನ್ನೂ ಸೊಸೆಯನ್ನೂ ತಕ್ಕಡಿಗೆ ಹಾಕುವ ಚಾಳಿಯನ್ನು ಹಿರಿಯರಾದ ನಾವೂ ಬಿಡುತ್ತೇವೆ.