ಕತ್ತಲ ದಾರಿಯ ಸೈಕಲ್ ಸವಾರ

ಧನುರ್ಮಾಸದಲ್ಲಿ ಮಂಡ್ಯದ ಸೀಮೆಗೆ ಸೂರ್ಯನ ಮುಖ ಕಾಣುವುದು ಆರೂವರೆ ಗಂಟೆ ಕಳೆದ ಮೇಲೆ. ಹಳ್ಳಿಯ ಹಾಲಿನ ಡೇರಿಯಾದರೋ ಸೂರ್ಯನಿಗಾಗಿ ಕಾಯುವುದಿಲ್ಲ. ನಾಲೆಯ ನೀರುಂಡ ಗದ್ದೆಗಳ ಮೇಲೆ ಮಂಜು ಹಾಸಿಕೊಂಡಿರುವಾಗಲೇ ಹ್ಯಾಂಡಲಿಗೊಂದು, ಹಿಂದಿನ ಕ್ಯಾರಿಯರಿಗೊಂದು ಹಾಲಿನ ಕ್ಯಾನನ್ನು ಬಿಗಿದುಕೊಂಡು ರೈತನು ಸೈಕಲನ್ನೇರಿ ಹೊರಟುಬಿಟ್ಟಿರುತ್ತಾನೆ. ಸಂಜೆಯ ಕಡೆಯೂ ಇದೇ ಕಥೆ. ಕಾರ್ತಿಕ ಮಾಸದಲ್ಲಿ ಆರು ಗಂಟೆಗೆ ಮೊದಲೇ ಹೊತ್ತು ಮುಳುಗುತ್ತದೆ. ಹತ್ತನೆಯ ತರಗತಿಯ ವಿಶೇಷ ಪಾಠ ಮುಗಿಸಿಕೊಂಡ ಹುಡುಗ ಹುಡುಗಿಯರು ಮದ್ದೂರಿನಿಂದಲೋ ಮಳವಳ್ಳಿಯಿಂದಲೋ ತಮ್ಮ ಊರಿನ ದಾರಿ ಹಿಡಿಯುವ ವೇಳೆಗೆ ಬೇಲಿಯ ಗಿಡ ಯಾವುದು, ದಾರಿಯ ಅಂಚು ಯಾವುದು ಎಂಬುದು ತಿಳಿಯದಷ್ಟು ಕತ್ತಲಾಗಿರುತ್ತದೆ. ಆಲೆಮನೆಯ ಕೆಲಸದವರೂ ಸಕ್ಕರೆ ಕಾರ್ಖಾನೆಯ ಪಾಳಿಯವರೂ ದಾರಿಗಿಳಿಯುವುದು ಇನ್ನೂ ಹೊತ್ತು ಮೀರಿದ ಮೇಲೆ.

ಕತ್ತಲೆಯ ಈ ಮಾತು ಮಂಡ್ಯ ಜಿಲ್ಲೆಯ ವಿಷಯದಲ್ಲಿ ಸ್ವಲ್ಪ ವಿನೋದವಾಗಿಯೇ ತೋರುತ್ತದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಷ್ಟು ಹಿಂದೆಯೇ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿ, ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದರು. ಮೂರು ವರ್ಷಗಳ ತರುವಾಯ, 1905ರಲ್ಲಿ, ಬೆಂಗಳೂರಿನ ಬೀದಿಗಳೂ ಅದೇ ವಿದ್ಯುತ್ತಿನಿಂದ ಬೆಳಗಿದವು. ಅಷ್ಟು ಬೆಳಕನ್ನು ಹೊರನಾಡಿಗೆ ಕೊಟ್ಟ ಸೀಮೆಯಲ್ಲಿ ಊರು ದಾಟಿದೊಡನೆ ಬೀದಿಯ ದೀಪ ಮುಗಿಯುತ್ತದೆ. ಎರಡು ಊರುಗಳ ನಡುವಣ ದಾರಿಯಲ್ಲಿ ಸೈಕಲ್ ಸವಾರನಿಗೆ ಆಸರೆಯಾಗುವುದು ಅವನು ತನ್ನೊಡನೆ ಒಯ್ಯುವ ಬೆಳಕು ಮಾತ್ರ. ಹೆಚ್ಚಿನವರು ಅದನ್ನೂ ಒಯ್ಯುವುದಿಲ್ಲ.

ಏಕೆ ಒಯ್ಯುವುದಿಲ್ಲವೆಂದು ಕೇಳಿದರೆ ಸವಾರನು ಕೊಡುವ ಉತ್ತರ ಬಹುಮಟ್ಟಿಗೆ ಒಂದೇ: “ನಮ್ಮೂರ ದಾರಿ, ಕಣ್ಣು ಮುಚ್ಚಿಕೊಂಡು ಹೋಗಬಲ್ಲೆ.” ಹೋಗಬಲ್ಲನೆಂಬುದು ನಿಜವೇ ಇರಬಹುದು. ಆದರೆ ಎದುರಿನಿಂದಲೋ ಹಿಂದಿನಿಂದಲೋ ಬರುವ ಲಾರಿಯವನು ಅವನ ಊರಿನವನಲ್ಲ. ಆಪತ್ತಿನ ಮೂಲವಿರುವುದು ಇಲ್ಲಿಯೇ. ಲಾರಿಯ ಎರಡು ಉರಿಗಣ್ಣುಗಳು ಸೈಕಲ್ ಸವಾರನಿಗೆ ಅರ್ಧ ಮೈಲಿಯಾಚೆಯೇ ಕಾಣುತ್ತವೆ. ತನಗೆ ಅದು ಅಷ್ಟು ಚೆನ್ನಾಗಿ ಕಾಣುವಾಗ ಅದಕ್ಕೂ ತಾನು ಕಾಣಲೇಬೇಕೆಂದು ಮನಸ್ಸು ತಾನಾಗಿಯೇ ನಂಬಿಬಿಡುತ್ತದೆ. ಇದು ಹಳ್ಳಿಯವನ ಅಜ್ಞಾನವೆಂದು ನಗುವಂತಿಲ್ಲ. ಪರದೇಶಗಳ ವಿದ್ವಾಂಸರು ನಡೆಸಿರುವ ಪರೀಕ್ಷೆಗಳಲ್ಲಿ ಓದುಬರಹ ಬಲ್ಲ ಪಾದಚಾರಿಗಳೂ ಸೈಕಲ್ ಸವಾರರೂ ಇದೇ ಭ್ರಮೆಗೆ ಸಿಕ್ಕಿದ್ದಾರೆ. ಚಾಲಕನಿಗೆ ತಾವು ನಿಜವಾಗಿ ಕಾಣುವುದಕ್ಕಿಂತ ಎಷ್ಟೋ ದೂರದಿಂದಲೇ ಕಾಣುತ್ತೇವೆಂದು ಎಣಿಸಿದ್ದಾರೆ.

ಲೆಕ್ಕ ಹಾಕಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುವ ಲಾರಿಯು ಒಂದು ಸೆಕೆಂಡಿನಲ್ಲಿ ಹದಿನಾರು ಮೀಟರಿಗೂ ಹೆಚ್ಚು ದೂರ ಕ್ರಮಿಸುತ್ತದೆ. ಎದುರಿಗೇನೋ ಇದೆಯೆಂದು ಚಾಲಕನು ಅರಿತು ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಬೇಕೆನ್ನೋಣ. ಅಷ್ಟರಲ್ಲಿ 25 ಮೀಟರು ಸರಿಯಿತು. ಬ್ರೇಕು ಹಿಡಿದು ಗಾಡಿ ನಿಲ್ಲಲು ಮತ್ತೆ ಅಷ್ಟೇ ದೂರ ಬೇಕು. ಎಂದರೆ, ಸವಾರನು 50 ಮೀಟರಿಗೆ ಮೊದಲೇ ಕಣ್ಣಿಗೆ ಬಿದ್ದಿರಬೇಕು. ಇಳಿಬೆಳಕಿನಲ್ಲಿ ಬರುವ ಗಾಡಿಯ ಚಾಲಕನಿಗೆ ಕಪ್ಪು ಅಥವಾ ಗಾಢ ನೀಲಿಯ ಬಟ್ಟೆ ತೊಟ್ಟ ಮನುಷ್ಯನು ಗೋಚರಿಸುವುದು ಇಪ್ಪತ್ತು ಮೂವತ್ತು ಮೀಟರಿನೊಳಗೆ ಮಾತ್ರ. ಲಾರಿಯವನು ಎಷ್ಟೇ ಸಜ್ಜನನಾಗಿರಲಿ, ಎಷ್ಟೇ ಎಚ್ಚರದಿಂದಿರಲಿ, ಈ ಲೆಕ್ಕ ತಪ್ಪುವುದಿಲ್ಲ. ಬಿಳಿಯ ಪಂಚೆ, ಬಿಳಿಯ ಜುಬ್ಬ ತೊಡುತ್ತಿದ್ದ ಹಿಂದಿನ ತಲೆಮಾರಿನ ಗೌಡರು ಈ ವಿಷಯದಲ್ಲಿ ಪ್ಯಾಂಟು ತೊಡುವ ತಮ್ಮ ಮೊಮ್ಮಕ್ಕಳಿಗಿಂತ ಭಾಗ್ಯಶಾಲಿಗಳಾಗಿದ್ದರು.

ಹಾಗಾದರೆ ಥಳಥಳಿಸುವ ಹಳದಿಯ ಅಂಗಿಯನ್ನು ತೊಟ್ಟರೆ ಸಾಕೆ? ಸಾಲದು. ರಸ್ತೆ ಕೆಲಸದವರು ತೊಡುವ ಆ ಉಜ್ಜ್ವಲ ವರ್ಣವು ಹೊಳೆಯುವುದು ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳಿಂದ. ವಾಹನದ ದೀಪದಲ್ಲಿ ಆ ಕಿರಣಗಳು ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಹಗಲಿನಲ್ಲಿ ಕಣ್ಣು ಕುಕ್ಕುವ ಬಣ್ಣವು ರಾತ್ರಿಯಲ್ಲಿ ಸಪ್ಪೆಯಾಗುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯ ಫಲಿತಾಂಶವು ಇಲ್ಲಿ ಮನನಯೋಗ್ಯವಾಗಿದೆ. ಇತರ ವಾಹನಗಳಿಲ್ಲದ ರಸ್ತೆಯೊಂದರಲ್ಲಿ ರಾತ್ರಿ ಕಾರು ನಡೆಸುವವರ ಎದುರಿಗೆ ಸೈಕಲ್ ಸವಾರರನ್ನು ಬಗೆಬಗೆಯ ಉಡುಪಿನಲ್ಲಿ ನಿಲ್ಲಿಸಿದರು. ಕಪ್ಪು ಉಡುಪಿನವರನ್ನು ಚಾಲಕರು ಗುರುತಿಸಿದ್ದು ನೂರರಲ್ಲಿ 2 ಸಲ. ಉಜ್ಜ್ವಲ ವರ್ಣದ ಅಂಗಿಯವರನ್ನು 15 ಸಲ. ಬೆಳಕನ್ನು ಹಿಂದಿರುಗಿಸುವ ಪಟ್ಟಿಗಳಿದ್ದ ಅಂಗಿಯವರನ್ನು 50 ಸಲ. ಆ ಅಂಗಿಯ ಜೊತೆಗೆ ಮೊಣಕಾಲಿಗೂ ಕಾಲಿನ ಹರಡಿಗೂ ಅಂಥವೇ ಪಟ್ಟಿಗಳನ್ನು ಕಟ್ಟಿದಾಗ 90 ಸಲ!

ಕಾಲಿನ ಎರಡು ಪಟ್ಟಿಗಳಿಗೆ ಇಷ್ಟು ಮಹಿಮೆ ಎಲ್ಲಿಂದ ಬಂತು? ಉತ್ತರವಿರುವುದು ನಮ್ಮ ಕಣ್ಣಿನ ಹಿಂದಿರುವ ಮೆದುಳಿನಲ್ಲಿ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ತೋರಿಸಿಕೊಟ್ಟರು. ಕತ್ತಲೆಯಲ್ಲಿ ನಡೆಯುವ ಮನುಷ್ಯನ ಕೀಲುಗಳಲ್ಲಿ ಮಾತ್ರ ಕೆಲವು ಬೆಳಕಿನ ಚುಕ್ಕಿಗಳನ್ನಿಟ್ಟು, ಉಳಿದ ದೇಹವೆಲ್ಲ ಮರೆಯಾಗಿರುವಂತೆ ಚಿತ್ರ ತೆಗೆದರು. ಚುಕ್ಕಿಗಳು ನಿಂತಿದ್ದಾಗ ನೋಡುಗರಿಗೆ ಏನೊಂದೂ ಅರ್ಥವಾಗಲಿಲ್ಲ. ಅವು ಚಲಿಸಿದೊಡನೆಯೇ, ಕಣ್ಣು ಮಿಟುಕಿಸುವಷ್ಟರಲ್ಲಿ, ‘ಇದು ಮನುಷ್ಯ’ ಎಂದು ಗುರುತಿಸಿದರು. ಪೆಡಲನ್ನು ತುಳಿಯುವ ಕಾಲು ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಬೆನ್ನ ಮೇಲಿನ ಹೊಳಪು ಮೈಲಿಗಲ್ಲೋ ಮರಕ್ಕೆ ಹೊಡೆದ ತಗಡೋ ಎಂಬ ಸಂಶಯಕ್ಕೆ ಎಡೆ ಕೊಟ್ಟೀತು; ಕಾಲಿನ ಹೊಳಪು ಮಾತ್ರ ಜೀವವುಳ್ಳ ಪ್ರಾಣಿಯದೆಂದು ದೂರದಿಂದಲೇ ಸಾರುತ್ತದೆ. ಪೆಡಲಿನ ಅಂಚಿಗೆ ಕೂಡಿಸುವ ಹಳದಿಯ ಚಿಕ್ಕ ಬಿಲ್ಲೆಗಳ ಮರ್ಮವೂ ಇದೇ. ಹಿಂದೆ ಪ್ಯಾಂಟಿನ ಅಂಚು ಸೈಕಲಿನ ಸರಪಳಿಗೆ ಸಿಗದಿರಲೆಂದು ಗುಮಾಸ್ತರೂ ಮೇಷ್ಟರೂ ಹರಡಿಗೆ ಉಕ್ಕಿನ ಕ್ಲಿಪ್ಪು ಹಾಕಿಕೊಳ್ಳುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಈ ಪಟ್ಟಿಗೂ ಅದೇ ಸ್ಥಾನ. ಬೇಕಾದರೆ ಎರಡು ಕೆಲಸವನ್ನೂ ಇದೊಂದೇ ಮಾಡಬಲ್ಲದು.

ಬೆಳಕನ್ನು ಹಿಂದಿರುಗಿಸುವ ಈ ವಸ್ತು ಸಾಮಾನ್ಯ ಕನ್ನಡಿಯಂಥದಲ್ಲ. ಕನ್ನಡಿಯು ಓರೆಯಾಗಿ ಬಿದ್ದ ಬೆಳಕನ್ನು ಮತ್ತೊಂದು ಕಡೆಗೆ ಚೆಲ್ಲುತ್ತದೆ. ಪಟ್ಟಿಯಲ್ಲಿರುವ ಗಾಜಿನ ಸೂಕ್ಷ್ಮ ಮಣಿಗಳು ಬೆಳಕು ಬಂದ ದಾರಿಯಲ್ಲಿಯೇ ಅದನ್ನು ಮರಳಿಸುತ್ತವೆ. ಎಂದರೆ ದೀಪ ಹಚ್ಚಿಕೊಂಡು ಬರುವವನ ಕಣ್ಣಿನ ಕಡೆಗೇ. ಟಾರ್ಚು ಬಿಟ್ಟಾಗ ಕೊಟ್ಟಿಗೆಯ ದನದ ಕಣ್ಣೂ ಬೆಕ್ಕಿನ ಕಣ್ಣೂ ಕೆಂಡದಂತೆ ಹೊಳೆಯುವುದು ಇಂಥದೇ ಏರ್ಪಾಟಿನಿಂದ. ಇಂಗ್ಲೆಂಡಿನ ಯಾರ್ಕ್‌ಷೈರಿನ ಪರ್ಸಿ ಷಾ ಎಂಬಾತ 1934ರಲ್ಲಿ ರಸ್ತೆಯ ನಡುವೆ ಹುದುಗಿಸುವ ಗಾಜಿನ ಗುಂಡುಗಳಿಗೆ ಹಕ್ಕುಪತ್ರ ಪಡೆದಾಗ ಅವಕ್ಕೆ ‘ಬೆಕ್ಕಿನ ಕಣ್ಣು’ ಎಂದೇ ಹೆಸರಾಯಿತು. ಸೈಕಲಿನ ಹಿಂಬದಿಯ ಕೆಂಪು ಬಿಲ್ಲೆ ಬೇರೊಂದು ಉಪಾಯದಿಂದ ಇದೇ ಕೆಲಸವನ್ನು ಮಾಡುತ್ತದೆ. ಸೈಕಲಿನ ಪ್ರತಿಫಲಕಗಳು, ರೂಢಿಯ ಮಾತಿನಲ್ಲಿ ರಿಫ್ಲೆಕ್ಟರುಗಳು, ಇಂಥ ಗುಣಮಟ್ಟದವಾಗಿರಬೇಕೆಂದು ಕೇಂದ್ರ ಸರ್ಕಾರವು 2020ರಲ್ಲಿ ಆದೇಶವನ್ನೂ ಹೊರಡಿಸಿತು. ಆದರೆ ಆದೇಶ ಅನ್ವಯಿಸುವುದು ಅಂಗಡಿಯಲ್ಲಿರುವ ಹೊಸ ಸೈಕಲಿಗೆ. ಅಪ್ಪನಿಂದ ಮಗನಿಗೆ ಬಂದ ಹಳೆಯ ಹರ್ಕ್ಯುಲಿಸಿನ ಬಿಲ್ಲೆ ಎಂದೋ ಒಡೆದು, ಅದರ ಜಾಗದಲ್ಲಿ ತುಕ್ಕು ಹಿಡಿದ ತೂತೊಂದೇ ಉಳಿದಿರುತ್ತದೆ.

ಪ್ರತಿಫಲಕಕ್ಕೂ ಒಂದು ಮಿತಿಯುಂಟು. ಅದು ಸಾಲಗಾರನಿದ್ದಂತೆ, ಯಾರಾದರೂ ಬೆಳಕು ಕೊಟ್ಟರೆ ತಾನೆ ಹಿಂದಿರುಗಿಸುವುದು? ದೀಪವಿಲ್ಲದ ಎತ್ತಿನ ಗಾಡಿಗೂ, ದೀಪವಿಲ್ಲದ ಮತ್ತೊಂದು ಸೈಕಲಿಗೂ ಅದು ಕಾಣದು. ಆದ್ದರಿಂದ ದೀಪವೂ ಬೇಕು. ಸೀಮೆಯೆಣ್ಣೆಯ ಬುಡ್ಡಿ, ನೀರು ತೊಟ್ಟಿಕ್ಕಿಸಿ ಉರಿಸುವ ಕಾರ್ಬೈಡ್ ದೀಪ, ಟೈರಿಗೆ ಉಜ್ಜಿಕೊಂಡು ಗೊರಗುಟ್ಟುವ ಡೈನಮೋ ಇವೆಲ್ಲ ಒಂದರ ಹಿಂದೊಂದು ಬಂದು ಹೋದವು. ದೀಪವಿಲ್ಲದ ಸೈಕಲಿನ ಚಕ್ರದ ಗಾಳಿ ಬಿಡುತ್ತಿದ್ದ ಪೊಲೀಸಿನವನೂ ಅವುಗಳೊಡನೆಯೇ ಮರೆಯಾದನು. ಡೈನಮೋ ಒಳ್ಳೆಯ ಸಾಧನವೇ ಹೌದು. ಆದರೆ ಚಕ್ರ ನಿಂತೊಡನೆ ಅದರ ದೀಪವೂ ಆರುತ್ತಿತ್ತು, ರಸ್ತೆ ದಾಟಲೆಂದು ನಡುವೆ ನಿಂತ ಸವಾರನು ಬೆಳಕು ಅತ್ಯಂತ ಅಗತ್ಯವಾದ ಕ್ಷಣದಲ್ಲಿಯೇ ಕತ್ತಲಲ್ಲಿ ಉಳಿಯುತ್ತಿದ್ದನು. ಇಂದಿನ ಎಲ್‌ಇಡಿ ದೀಪಕ್ಕೆ ಆ ತೊಂದರೆಯಿಲ್ಲ. ಮುಂದೆ ಬಿಳಿಯದು, ಹಿಂದೆ ಕೆಂಪಿನದು. ಒಂದನ್ನೇ ಕೊಳ್ಳುವಷ್ಟು ಹಣವಿದ್ದರೆ ಹಿಂದಿನದನ್ನು ಮೊದಲು ಕೊಳ್ಳುವುದು ಮೇಲು. ಮುಂದಿನಿಂದ ಬರುವ ಆಪತ್ತನ್ನು ಸವಾರನು ತಾನೂ ಕಂಡು ಬದಿಗೆ ಸರಿಯಬಲ್ಲನು; ಬೆನ್ನಿಗೆ ಕಣ್ಣಿಲ್ಲ.

ಹಳ್ಳಿಯ ಸೈಕಲು ಪಟ್ಟಣದ ವಿಹಾರದ ಸೈಕಲಿನಂತಲ್ಲವೆಂಬುದನ್ನು ದೀಪ ಮಾಡುವವರು ಮರೆತಂತಿದೆ. ಹಿಂದೆ ಹಸಿಹುಲ್ಲಿನ ಹೊರೆಯನ್ನೋ, ಹಿಪ್ಪುನೇರಳೆ ಸೊಪ್ಪಿನ ಮೂಟೆಯನ್ನೋ, ಹಾಲಿನ ಕ್ಯಾನನ್ನೋ ಹೇರಿದರೆ ಸೀಟಿನ ಕೆಳಗೆ ಸಿಕ್ಕಿಸಿದ ದೀಪವೂ ಬಿಲ್ಲೆಯೂ ಮುಚ್ಚಿಹೋಗುತ್ತವೆ. ಹೊರೆಯ ಹೊರಮೈಗೆ ಹಗ್ಗದಲ್ಲಿ ದೀಪವನ್ನು ಕಟ್ಟುವ ಜಾಣರೂ ಇದ್ದಾರೆ. ಅಷ್ಟು ಮಾಡಲಾಗದಿದ್ದರೂ ಎಷ್ಟೇ ದೊಡ್ಡ ಹೊರೆಯ ಕೆಳಗೂ ಮರೆಯಾಗದೆ ಆಡುತ್ತಿರುವುದು ಸವಾರನ ಹರಡಿ. ಆಸ್ಟ್ರೇಲಿಯದ ಪರೀಕ್ಷೆಯ ಫಲವು ಮಂಡ್ಯದ ರೈತನಿಗಾಗಿಯೇ ಬಂದಂತಿದೆ.

ಇನ್ನು ದಾರಿಯ ಮಾತು. ಬೆಂಗಳೂರು-ಮೈಸೂರು ಹೆದ್ದಾರಿಯು 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರಾಕ್ಟರು, ಸೈಕಲುಗಳಿಗೆ ಪ್ರವೇಶವಿಲ್ಲವಾಯಿತು. ಅತಿವೇಗದ ಕಾರುಗಳ ನಡುವೆ ಸೈಕಲಿರಬಾರದೆಂಬುದು ನ್ಯಾಯವೇ. ಆದರೆ ಮಂಡ್ಯ, ಮದ್ದೂರುಗಳ ಸುತ್ತಿನ ನಿಧಾನದ ವಾಹನಗಳೆಲ್ಲ ಪಕ್ಕದ ಸೇವಾ ರಸ್ತೆಗೆ ಇಳಿದವು. ಅಲ್ಲಿ ಎದುರು ದಿಕ್ಕಿನಿಂದ ನುಗ್ಗುವ ಬೈಕಿನ ಏರುಬೆಳಕು ಕಣ್ಣಿಗೆ ಹೊಡೆದರೆ ಹಲವು ಸೆಕೆಂಡುಗಳವರೆಗೆ ಸವಾರನು ಕುರುಡನೇ ಸರಿ. ಆಗ ಆ ದೀಪವನ್ನು ದಿಟ್ಟಿಸದೆ, ವೇಗ ತಗ್ಗಿಸಿ, ದಾರಿಯ ಎಡ ಅಂಚಿನ ಮೇಲೆ ದೃಷ್ಟಿಯಿಡಬೇಕು. ನಡೆಯುವವನು ಬಲಗಡೆ ಹೋದರೆ ಒಳ್ಳೆಯದೆಂಬ ಮಾತನ್ನು ಸೈಕಲಿಗೂ ಅನ್ವಯಿಸಿಕೊಂಡವರಿದ್ದಾರೆ. ಅದು ಅಪಾಯದ ಕೆಲಸ. ಬಲಗಡೆಯಲ್ಲಿ ಹೋಗುವವನ ಕೆಂಪು ದೀಪ ಎದುರಿನವನಿಗೆ ಕಾಣುವುದೇ ಇಲ್ಲ, ಎರಡು ವಾಹನಗಳ ವೇಗವೂ ಕೂಡಿಕೊಳ್ಳುತ್ತದೆ.

ಮದ್ದೂರಿನಿಂದ ಭಾರತೀನಗರದ ಮೇಲೆ ಮಳವಳ್ಳಿಗೆ ಹೋಗುವ ದಾರಿಯ ಕಷ್ಟ ಬೇರೆ ಬಗೆಯದು. ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆಯತ್ತ ಸಾಗುವ ಟ್ರಾಕ್ಟರುಗಳ ಹಿಂದೆ ದೀಪವಿರುವುದು ಅಪರೂಪ. ಗಾಡಿಯಿಂದಾಚೆಗೆ ಚಾಚಿಕೊಂಡ ಕಬ್ಬಿನ ತುದಿ ಸವಾರನ ಮುಖದ ಎತ್ತರಕ್ಕೆ ಸರಿಯಾಗಿರುತ್ತದೆ. ಸುಗ್ಗಿಯಲ್ಲಿ ರಾಗಿ, ಹುರುಳಿಯ ಒಕ್ಕಣೆ ರಸ್ತೆಯ ಮೇಲೆಯೇ ನಡೆಯುತ್ತದೆ. ಹಗಲು ಒಕ್ಕಣೆಗೆ ಕಾವಲಿಟ್ಟ ಕಲ್ಲುಗಳು ರಾತ್ರಿಯೂ ಅಲ್ಲಿಯೇ ಬಿದ್ದಿರುತ್ತವೆ. ಕಾರಿಗೆ ಅದೊಂದು ಕುಲುಕು. ಸೈಕಲಿಗೆ ಮುಗ್ಗರಿಸಿ ಬೀಳುವಷ್ಟು ಅಡ್ಡಿ. ಬಣ್ಣ ಬಳಿಯದ ರಸ್ತೆಯ ಉಬ್ಬುಗಳ ಕಥೆಯೂ ಅಷ್ಟೆ. ಮುಂದಿನ ದೀಪವನ್ನು ತುಸು ಕೆಳಕ್ಕೆ ಬಾಗಿಸಿಟ್ಟರೆ ಇವು ಕಾಣುತ್ತವೆ, ಎದುರಿನವನ ಕಣ್ಣಿಗೂ ನೋವಾಗುವುದಿಲ್ಲ.

ಎಲ್ಲಕ್ಕಿಂತ ಭಯಂಕರವಾದುದು ನಾಲೆಯ ಏರಿಯ ದಾರಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ಸೊಂದು ಉರುಳಿ 30 ಮಂದಿ ಜಲಸಮಾಧಿಯಾದರು. ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ಅದು ಹಾಡುಹಗಲು. ತಡೆಗೋಡೆಯಿಲ್ಲದ ಏರಿಯ ಮೇಲೆ ಕತ್ತಲಲ್ಲಿ, ಎದುರಿನ ಬೆಳಕಿಗೆ ಕಣ್ಣು ಕತ್ತಲೆಗಟ್ಟಿದ ಸವಾರನಿಗೆ ನೀರು ಒಂದು ಮಾರಿನಷ್ಟೇ ದೂರ. ಅಲ್ಲಿ ಎದುರು ಗಾಡಿ ಬಂದಾಗ ಇಳಿದು ನಿಲ್ಲುವುದರಲ್ಲಿ ಅವಮಾನವೇನೂ ಇಲ್ಲ.

ಹಳ್ಳಿಯ ಹೆಣ್ಣುಮಕ್ಕಳ ಪ್ರೌಢಶಾಲೆಯ ಓದಿಗೆ ಸೈಕಲು ಮಾಡಿದ ಉಪಕಾರ ಸಣ್ಣದಲ್ಲ. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದಾಗ, ಬಸ್ಸಿಲ್ಲವೆಂದು ಮನೆಯಲ್ಲಿ ಉಳಿಯಬೇಕಾಗಿದ್ದ ಹುಡುಗಿಯರು ಗುಂಪುಗುಂಪಾಗಿ ಸೈಕಲ್ ತುಳಿಯುತ್ತ ಶಾಲೆಗೆ ಹೋದರು. ಕೋವಿಡ್ ಬಂದ 2020ರ ತರುವಾಯ ಆ ವಿತರಣೆ ನಿಂತಿತು. ಅಕ್ಕನ ಸೈಕಲು ತಂಗಿಗೆ ಬಂತು. ಕತ್ತಲಾಗುವುದೆಂಬ ಒಂದೇ ಭಯಕ್ಕೆ ಮಗಳನ್ನು ವಿಶೇಷ ಪಾಠದಿಂದ ಬಿಡಿಸುವ ತಂದೆಯನ್ನು ತಪ್ಪುಗಾರನೆನ್ನುವುದು ಸುಲಭ. ಅವನ ಭಯಕ್ಕೆ ಕಾರಣವಿದೆ. ಆ ಕಾರಣದ ಒಂದು ಪಾಲನ್ನಾದರೂ ಅವನು ತನ್ನ ಅಂಗಳದಲ್ಲಿಯೇ ನಿವಾರಿಸಬಹುದು.

ಅದಕ್ಕೊಂದು ಸುಲಭ ಪರೀಕ್ಷೆಯಿದೆ. ಕತ್ತಲಾದ ಮೇಲೆ ಮಗಳು ಸೈಕಲಿನ ಮೇಲೆ ಕುಳಿತು, ಸ್ಟ್ಯಾಂಡಿನ ಮೇಲೆಯೇ ಪೆಡಲು ತುಳಿಯಲಿ. ತಂದೆಯು ನೂರು ಹೆಜ್ಜೆ ಹಿಂದಕ್ಕೆ ಹೋಗಿ, ಟಾರ್ಚನ್ನು ತನ್ನ ಕಣ್ಣಿನ ಮಟ್ಟಕ್ಕೆ ಹಿಡಿದು ಬೆಳಕು ಬಿಡಲಿ. ಕೆಳಗೆ ಹಿಡಿದರೆ ಪಟ್ಟಿ ಮರಳಿಸಿದ ಬೆಳಕು ಕಣ್ಣಿಗೆ ತಲಪದು. ಎರಡು ಕಿಡಿಗಳು ಮೇಲೆ ಕೆಳಗೆ ಕುಣಿಯುವುದು ಕಂಡರೆ ಸರಿ. ಕಾಣದಿದ್ದರೆ ಪಟ್ಟಿಗೆ ಗದ್ದೆಯ ಕೆಸರು ಮೆತ್ತಿರಬೇಕು. ಒದ್ದೆ ಬಟ್ಟೆಯಿಂದ ಒರಸಿ ಮತ್ತೊಮ್ಮೆ ನೋಡಬೇಕು.