ನೆಲದ ಹಂಬಿನಿಂದ ಮರದ ಬಳ್ಳಿಗೆ

ಮೊದಲು ಯಡೇಹಳ್ಳಿಯಾಗಿದ್ದು 1915ರಲ್ಲಿ ಮೈಸೂರಿನ ಯುವರಾಜರ ಹೆಸರನ್ನು ಪಡೆದ ನರಸಿಂಹರಾಜಪುರದಿಂದ ಕೊಪ್ಪ, ಶೃಂಗೇರಿಗಳ ಕಡೆಗೆ ಸಾಗುವವರಲ್ಲಿ, ಅಡಕೆಮರವನ್ನು ತಬ್ಬಿ ಏರಿದ ಕಾಳುಮೆಣಸಿನ ಬಳ್ಳಿಯನ್ನು ಕಂಡು ಮೆಚ್ಚದವರಿಲ್ಲ. ಆದರೆ ಅದೇ ಬಳ್ಳಿಯ ಬುಡದಿಂದ ಹೊರಟು, ತರಗೆಲೆಗಳ ನಡುವೆ ಹರಿದು, ನೆಲದಲ್ಲಿರುವ ತನಕ ಒಂದು ಕಾಳನ್ನೂ ಬಿಡದ ಹಂಬುಗಳತ್ತ ದೃಷ್ಟಿ ಹಾಯಿಸುವವರು ವಿರಳ. ತೋಟದ ಸಂತತಿ ಮುಂದುವರಿಯುವುದು ಮಾತ್ರ ಈ ನಿಷ್ಫಲವಾದ ಹಂಬಿನಿಂದಲೇ.

ಬೀಜದಿಂದ ಮೆಣಸು ಹುಟ್ಟದೆಂದಲ್ಲ. ಘಟ್ಟದ ಕಾಡುಗಳಲ್ಲಿ ಹಕ್ಕಿಗಳು ಆ ಕಾರ್ಯವನ್ನು ಅನಾದಿಯಿಂದ ನಡೆಸಿಕೊಂಡು ಬಂದಿವೆ. ಆದರೆ ಕಾಡುಮೆಣಸಿನಲ್ಲಿ ಗಂಡುಬಳ್ಳಿ, ಹೆಣ್ಣುಬಳ್ಳಿಗಳು ಬಹುಮಟ್ಟಿಗೆ ಬೇರೆಬೇರೆ. ನಾಡಿನ ತಳಿಗಳಲ್ಲಿ ಸಾಮಾನ್ಯವಾಗಿ ಒಂದೇ ಹೂವು ಉಭಯಲಿಂಗಿ. ಈ ಸದ್ಗುಣ ಬೀಜದ ಸಸಿಗೆ ಇಳಿದೇ ಇಳಿಯುವುದೆಂಬ ಭರವಸೆಯಿಲ್ಲ. ಫಲ ಬಿಡುವ ಅಡ್ಡರೆಂಬೆಯನ್ನು ನೆಟ್ಟರೆ ಅದು ಮರವೇರದೆ ಪೊದೆಮೆಣಸಾಗಿ ಕುಂಡದಲ್ಲಿಯೇ ಉಳಿಯುತ್ತದೆ. ಪಟ್ಟಣದ ಮನೆಗಳಿಗೆ ಅದೂ ಶೋಭೆಯೇ. ತಾಯಿಯ ಗುಣವನ್ನು ಕೆಡಿಸದೆ ಮರವೇರುವ ಸಸಿ ಬೇಕೆಂದರೆ ಹಂಬೇ ಗತಿ. ಬಚ್ಚಲ ನೀರು ಹರಿಯುವೆಡೆ ಗಿಣ್ಣುಗಿಣ್ಣಿಗೆ ಬೇರೂರಿ ಹಬ್ಬುವ ಒಂದೆಲಗವೂ, ತಂಪು ಸೀಮೆಯ ಸ್ಟ್ರಾಬೆರಿಯೂ ವಂಶ ಬೆಳೆಸುವ ಕ್ರಮ ಇದೇ ಬಗೆಯದು.

ಆದರೆ ಒಂದೆಲಗವನ್ನು ಬಿಟ್ಟಂತೆ ಮೆಣಸಿನ ಹಂಬನ್ನು ಮಣ್ಣಿನಲ್ಲಿ ಬೇರೂರಲು ಬಿಡುವುದು ವಿಹಿತವಲ್ಲ. ಸೊರಗುರೋಗವನ್ನು ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಮಣ್ಣಿನಲ್ಲಿಯೇ ನೆಲೆಸಿರುವುದರಿಂದ, ಬಲ್ಲವರು ಬುಡದಲ್ಲೊಂದು ಗೂಟ ನೆಟ್ಟು, ಹಂಬುಗಳನ್ನು ಸಿಂಬೆಯಂತೆ ಸುತ್ತಿ, ನೆಲಕ್ಕೆ ತಾಗದಂತೆ ಕಟ್ಟಿರುತ್ತಾರೆ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಅವನ್ನು ಕತ್ತರಿಸಿ, ತೀರ ಎಳೆಯ ಕುಡಿಯನ್ನೂ ತೀರ ಬಲಿತ ಬುಡಭಾಗವನ್ನೂ ತೊರೆದು, ನಡುವಿನ ಭಾಗವನ್ನು ಎರಡು ಮೂರು ಗಿಣ್ಣುಗಳ ತುಂಡುಗಳನ್ನಾಗಿಸಿ, ತೊಟ್ಟನ್ನು ಉಳಿಸಿ ಎಲೆಯನ್ನಷ್ಟೇ ಸವರಿ ತೆಗೆಯುತ್ತಾರೆ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕೆಳಗಿನ ಗಿಣ್ಣು ಹೂಳುವಂತೆ ಊರಿ, ಚಪ್ಪರದ ನೆರಳಿನಲ್ಲಿಟ್ಟು, ಮಣ್ಣಿನ ತೇವ ಆರದಂತೆ ನೀರು ಚಿಮುಕಿಸುತ್ತಿರಬೇಕು. ತೊಟ್ಟೆಯ ತಳದಲ್ಲಿ ತೂತಿಲ್ಲದೆ ನೀರು ನಿಂತರೆ ತುಂಡು ಕೊಳೆಯುವುದು ನಿಶ್ಚಯ. ಹೊಸ ಚಿಗುರು ಕಂಡೊಡನೆ ಹಿಗ್ಗುವುದೂ ಬೇಡ. ತುಂಡಿನೊಳಗೆ ಉಳಿದ ಸತ್ತ್ವದಿಂದ ಬೇರಿಲ್ಲದೆಯೂ ಅದು ಚಿಗುರಬಲ್ಲುದು.

ಮುಂಗಾರು ಹಿಡಿದ ಮೇಲೆ, ಜೂನ್ ತಿಂಗಳಿನಲ್ಲಿ, ಆಸರೆಮರದ ಉತ್ತರದ ಮಗ್ಗುಲಿಗೆ, ಬುಡದಿಂದ ಸುಮಾರು ಒಂದಡಿ ದೂರದಲ್ಲಿ ನೆಡುವುದು ವಾಡಿಕೆ. ದಕ್ಷಿಣದ ಬಿಸಿಲು ಎಳೆಯ ಬಳ್ಳಿಗೆ ಒಗ್ಗದು. ಫಲಕ್ಕೆ ಮೂರು ನಾಲ್ಕು ವರ್ಷ ಕಾಯಬೇಕು.

ಕೈಚಳಕವನ್ನು ಯಾರೂ ಕಲಿಯಬಹುದು. ಕಠಿನವಾದುದು ತಾಯಿಬಳ್ಳಿಯ ಆಯ್ಕೆ. 1971ರಲ್ಲಿ ಕೇರಳದಿಂದ ಹೊರಬಂದ ಪನ್ನಿಯೂರು-1 ಉದ್ದ ತೆನೆಯ ತಳಿಯೇ ಹೌದು, ಆದರೆ ದಟ್ಟ ನೆರಳನ್ನು ಸಹಿಸದು. ಹೆಸರಿಗೆ ಮರುಳಾಗಿ ಅದನ್ನು ನೆರಳಿನ ತೋಟಕ್ಕೆ ತರುವುದಕ್ಕಿಂತ, ಅದೇ ನೆರಳಿನಲ್ಲಿ ವರ್ಷವರ್ಷವೂ ತುಂಬು ತೆನೆ ಬಿಟ್ಟ ನೆರೆಮನೆಯ ಮಲ್ಲಿಗೆಸರ ತಳಿಯ ಹಂಬೇ ಮೇಲೆಂದು ನನ್ನ ಮತ. ಕೊಯ್ಲು ಮುಗಿದ ಮೇಲೆ ಒಳ್ಳೆಯ ಬಳ್ಳಿ ಯಾವುದು, ಸಾಧಾರಣದ್ದು ಯಾವುದು ಎಂದು ಗುರುತಿಸುವುದು ಅಸಾಧ್ಯ. ಆದುದರಿಂದ ಬರುವ ವರ್ಷ ಸಸಿ ಮಾಡಬೇಕೆನ್ನುವವರು ತೆನೆ ತುಂಬಿರುವಾಗಲೇ ತೋಟ ಸುತ್ತಿ, ಐದು ವರ್ಷ ಮೀರಿದ ನಿರೋಗಿ ಬಳ್ಳಿಗಳನ್ನು ಆರಿಸಿ, ಅವುಗಳ ಬುಡಕ್ಕೊಂದು ಬಣ್ಣದ ಬಟ್ಟೆ ಕಟ್ಟಿಡಲಿ.